ಗುಂಪಿನ ಆಟವೋ, ಒಂಟಿ ಓಟವೋ?

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಿರುವರು. ವಿದ್ಯೆಯ ಮಹಿಮೆಯನ್ನೋ ಶಿಸ್ತಿನ ಅವಶ್ಯಕತೆಯನ್ನೋ ಕುರಿತು ನಾಲ್ಕು ಮಾತುಗಳನ್ನು ಬರೆದೊಪ್ಪಿಸುವುದು ಮುಖ್ಯೋಪಾಧ್ಯಾಯಿನಿಯರಿಗೆ ರೂಢಿಯಾದ ದಾರಿ. ಈ ಸಲ ನಾವು ಆ ದಾರಿಯನ್ನು ಬಿಟ್ಟು ಆಟದ ಬಯಲಿಗೆ ಇಳಿಯುವೆವು. ಕಾರಣವೇನೆಂದರೆ, ನಮ್ಮಲ್ಲಿ ಕಲಿತು ಹೋದ ಬಾಲಿಕೆಯೊಬ್ಬಳು ದೂರದ ಪಟ್ಟಣದ ಕಾಲೇಜಿನಿಂದ ನಮಗೊಂದು ಕಾಗದವನ್ನು ಬರೆದು, ಅದರಲ್ಲಿ ಒಂದು ಪ್ರಶ್ನೆಯನ್ನು ಕೇಳಿದ್ದಳು. ಆ ಪ್ರಶ್ನೆ ಅವಳೊಬ್ಬಳದೇ ಅಲ್ಲವೆಂಬುದು ದಿನಗಳು ಕಳೆದಂತೆ ನಮಗೆ ಹೆಚ್ಚು ಹೆಚ್ಚಾಗಿ ತೋರುತ್ತ ಬಂದಿದೆ.

ಅವಳ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲ. ಮಸ್ಕಿಗೆ ಸಮೀಪದ ಒಂದು ಹಳ್ಳಿಯವಳು. ಮನೆಯವರು ಹತ್ತಿ ಬಿಡಿಸುವ ಕಾಲದಲ್ಲಿ ಹತ್ತಿಯ ಹೊಲಕ್ಕೂ, ನೆಲ್ಲಿನ ನಾಟಿಯ ಕಾಲದಲ್ಲಿ ಸಿಂಧನೂರಿನ ಕಾಲುವೆಯ ಸೀಮೆಗೂ ಕೂಲಿಗೆ ಹೋಗುವವರು. ಶಾಲೆಯಲ್ಲಿದ್ದಾಗ ಅವಳು ಕಬಡ್ಡಿಯಲ್ಲಿ ಎಷ್ಟು ಚುರುಕೋ ನಾನೂರು ಮೀಟರಿನ ಓಟದಲ್ಲಿಯೂ ಅಷ್ಟೇ ಚುರುಕು. ಕಾಲೇಜಿಗೆ ಹೋದ ಮೇಲೆ ಕಬಡ್ಡಿಯ ತರಬೇತುದಾರರು ಸಂಜೆ ಕರೆಯತೊಡಗಿದರು. ಓಟದ ತರಬೇತುದಾರರು ಬೆಳಗ್ಗೆಯೂ ಸಂಜೆಯೂ ಕರೆಯತೊಡಗಿದರು. ನಡುವೆ ವಿಜ್ಞಾನದ ಪ್ರಯೋಗಶಾಲೆಯ ಗಂಟೆಗಳು ಬೇರೆ. “ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುತ್ತಾರೆ. ಯಾವುದನ್ನು ಬಿಡಲಿ?” ಎಂಬುದೇ ಕಾಗದದ ಸಾರ.

ಎರಡನ್ನೂ ಏಕೆ ಮಾಡಬಾರದೆಂದು ವಾಚಕರು ಕೇಳಬಹುದು. ಪ್ರೌಢಶಾಲೆಯಲ್ಲಿ ಇದು ಸಾಧ್ಯ. ವಲಯ, ತಾಲ್ಲೂಕು, ಜಿಲ್ಲೆಗಳ ಕೂಟಗಳಲ್ಲಿ ಒಬ್ಬಳೇ ಹುಡುಗಿ ಗುಂಪಿನ ಆಟದಲ್ಲಿಯೂ ಮೇಲಾಟಗಳಲ್ಲಿಯೂ ಹೆಸರು ಕೊಡುವುದನ್ನು ನಾವು ವರ್ಷ ವರ್ಷವೂ ಕಾಣುವೆವು. ಆದರೆ ಮೇಲಕ್ಕೆ ಹೋದಷ್ಟೂ ದಾರಿ ಕಿರಿದಾಗುವುದು. ಕಬಡ್ಡಿಯು ಥಟ್ಟನೆ ನಿಲ್ಲುವ, ತಿರುಗುವ, ಮೈಮೇಲೆ ಬಿದ್ದವರನ್ನು ಎಳೆದುಕೊಂಡು ಗೆರೆಯನ್ನು ಮುಟ್ಟುವ ಆಟ. ಅದರ ಭಾರವೆಲ್ಲ ಮೊಣಕಾಲು, ಕಣಕಾಲು, ಹೆಗಲುಗಳ ಮೇಲೆ. ನಾನೂರು ಮೀಟರಿನ ಓಟವಾದರೋ ಒಂದೇ ಲಯವನ್ನು ಕೊನೆಯವರೆಗೆ ಕಾಪಾಡಿಕೊಳ್ಳುವ ಕೆಲಸ. ಮುನ್ನೂರು ಮೀಟರು ದಾಟಿದೊಡನೆ ಕಾಲುಗಳು ಕಲ್ಲಾಗುವುವು, ಆಗಲೂ ಹೆಜ್ಜೆ ಕೆಡಬಾರದು. ಒಂದರಲ್ಲಿ ಉಳುಕಿದ ಕಾಲು ಇನ್ನೊಂದಕ್ಕೆ ಒದಗದು. ಮೈಗೆ ಬೇಕಾದ ವಿಶ್ರಾಂತಿಯನ್ನು ಎರಡು ಅಭ್ಯಾಸಗಳು ಹಂಚಿಕೊಂಡರೆ ಎರಡಕ್ಕೂ ಸಾಲದು. ಹಾಸ್ಟೆಲಿನ ಊಟದ ಮೇಲೆ ನಿಂತ ಹುಡುಗಿಗೆ ಈ ಮಾತು ಇನ್ನೂ ನಿಜ.

ಇಂತಹ ಕವಲುದಾರಿ ಹೊಸದೇನೂ ಅಲ್ಲ. ಕಲಕತ್ತೆಯಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್ ಎಂಬಾತನು 1897ರಲ್ಲಿ ಅಲ್ಲಿಯ ಸೇಂಟ್ ಝೇವಿಯರ್ ಕಾಲೇಜಿನ ಪರವಾಗಿ ಕಾಲ್ಚೆಂಡಾಟದ ಒಂದೇ ಪಂದ್ಯದಲ್ಲಿ ಮೂರು ಗೋಲುಗಳನ್ನು ಹೊಡೆದನು. ಮೂರು ವರ್ಷಗಳ ತರುವಾಯ, 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಇನ್ನೂರು ಮೀಟರಿನ ಓಟದಲ್ಲಿ ಒಂದು, ಅಷ್ಟೇ ದೂರದ ಹರ್ಡಲ್ಸಿನಲ್ಲಿ ಒಂದು, ಹೀಗೆ ಎರಡು ಬೆಳ್ಳಿ ಪದಕಗಳನ್ನು ಗಳಿಸಿದನು. ಆ ಕಾಲದಲ್ಲಿ ಒಬ್ಬನೇ ಎರಡು ಬಯಲುಗಳಲ್ಲಿ ಓಡಾಡಬಹುದಾಗಿತ್ತು. ಕಾಲು ಶತಮಾನದೊಳಗೇ ಅದು ಕಷ್ಟವಾಯಿತು. ಚೀನಾದಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಓದಿದ ಎರಿಕ್ ಲಿಡೆಲ್, ಸ್ಕಾಟ್ಲೆಂಡಿನ ಪರವಾಗಿ ಏಳು ಸಲ ರಗ್ಬಿ ಕಾಲ್ಚೆಂಡಾಟವನ್ನು ಆಡಿದ ಮೇಲೆ, ಓಟಕ್ಕಾಗಿ ಅದನ್ನು ಬಿಟ್ಟನು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಾನೂರು ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಗೆದ್ದನು. ಭಾನುವಾರದ ದಿನ ಓಡಲಾರೆನೆಂದು ಅವನು ನೂರು ಮೀಟರಿನ ಓಟದಿಂದ ಹಿಂದೆ ಸರಿದ ಕಥೆಯನ್ನು ನಮ್ಮ ಬಾಲಿಕೆಯರು ಪ್ರಾರ್ಥನಾ ಸಭೆಯಲ್ಲಿ ಕೇಳಿದ್ದಾರೆ. ಆದರೆ ಅದಕ್ಕಿಂತ ಮೊದಲೇ ಅವನು ಪ್ರಿಯವಾದ ಇನ್ನೊಂದು ಆಟವನ್ನು ಬಿಟ್ಟುಕೊಟ್ಟಿದ್ದನೆಂಬುದನ್ನು ಯಾರೂ ಹೇಳುವುದಿಲ್ಲ. ಮರುವರ್ಷವೇ ಅವನು ಚೀನಾಕ್ಕೆ ಉಪಾಧ್ಯಾಯನಾಗಿ ಹೋದನು. 1945ರಲ್ಲಿ ಅಲ್ಲಿಯ ಒಂದು ಬಂಧನ ಶಿಬಿರದಲ್ಲಿ ತೀರಿಕೊಂಡನು.

ನಮ್ಮ ದೇಶದ ತಾಲಿಮೆರೆನ್ ಆವೊ ಅವರದು ಇನ್ನೊಂದು ಬಗೆ. ನಾಗಾ ಬೆಟ್ಟಗಳ ಕ್ರೈಸ್ತ ಬೋಧಕರೊಬ್ಬರ ಮಗನಾದ ಇವರು ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಕಾಲ್ಚೆಂಡಾಟದೊಡನೆ ಮೇಲಾಟಗಳಲ್ಲಿಯೂ ಹೆಸರು ಗಳಿಸಿದವರು. ಕೊನೆಗೆ ಕಾಲ್ಚೆಂಡು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡಕ್ಕೆ ನಾಯಕರಾಗಿ, ದೇಶದ ಧ್ವಜವನ್ನೂ ಹಿಡಿದು ನಡೆದರು. ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ಆಡಿದ ಆ ತಂಡವು ಫ್ರಾನ್ಸಿನ ಎದುರು ಒಂದಕ್ಕೆ ಎರಡು ಗೋಲುಗಳಿಂದ ಸೋತಿತು. ಆದರೆ ವೈದ್ಯನಾಗಬೇಕೆಂಬ ತಂದೆಯ ಇಚ್ಛೆಯನ್ನು ಆವೊ ಅವರು ಆಟಕ್ಕಾಗಿ ಬಿಡಲಿಲ್ಲ. ಕಲಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಮುಗಿಸಿ ತಮ್ಮ ಸೀಮೆಗೆ ಮರಳಿ ರೋಗಿಗಳ ಸೇವೆಯಲ್ಲಿ ನಿಂತರು. ಆಟವನ್ನು ಆರಿಸುವಾಗ ಆಟದಾಚೆಯ ಬಾಳನ್ನೂ ಆರಿಸುತ್ತಿರುವೆವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಗೊತ್ತಿಲ್ಲ.

ಇವರೆಲ್ಲರೂ ಪುರುಷರು. ಸ್ತ್ರೀಯರಿಗಾದರೋ ಆರಿಸಿಕೊಳ್ಳುವ ಪ್ರಶ್ನೆಯೇ ಬಹುಕಾಲ ಇರಲಿಲ್ಲ, ಏಕೆಂದರೆ ಎರಡು ಬಾಗಿಲುಗಳೂ ಮುಚ್ಚಿದ್ದುವು. 1928ರ ಒಲಿಂಪಿಕ್ಸಿನಲ್ಲಿ ಒಮ್ಮೆ ಸ್ತ್ರೀಯರನ್ನು ಎಂಟುನೂರು ಮೀಟರು ಓಡಿಸಿ, ಅದು ಅವರ ಮೈಗೆ ಒಗ್ಗದೆಂದು ತೆಗೆದುಹಾಕಿದರು. ಆ ಓಟ ಮರಳಿ ಬಂದುದು 1960ರಲ್ಲಿ. ಇಂಗ್ಲೆಂಡಿನಲ್ಲಿ 1920ರಲ್ಲಿ ಸ್ತ್ರೀಯರ ಒಂದು ಕಾಲ್ಚೆಂಡಾಟವನ್ನು ನೋಡಲು ಐವತ್ತು ಸಾವಿರಕ್ಕೂ ಮೀರಿ ಜನ ಕೂಡಿದ್ದರು. ಮರುವರ್ಷವೇ ಅಲ್ಲಿಯ ಸಂಘವು ತನ್ನ ಬಯಲುಗಳಲ್ಲಿ ಸ್ತ್ರೀಯರು ಆಡಕೂಡದೆಂದು ನಿಷೇಧಿಸಿತು. ಆ ನಿಷೇಧವು ಐವತ್ತು ವರ್ಷ ನಿಂತಿತು. ಏಷ್ಯಾದ ಕ್ರೀಡಾಕೂಟದಲ್ಲಿ ಪುರುಷರ ಕಬಡ್ಡಿ 1990ರಲ್ಲಿ ಬಂದರೆ ಸ್ತ್ರೀಯರದು ಬಂದುದು 2010ರಲ್ಲಿ. ಆ ವರ್ಷವೂ 2014ರಲ್ಲಿಯೂ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ಕಾರ್ಕಳ ಸೀಮೆಯ ಮಮತಾ ಪೂಜಾರಿ ಅವರಿದ್ದರು. ಆದುದರಿಂದ “ಯಾವುದನ್ನು ಬಿಡಲಿ?” ಎಂದು ಹಳ್ಳಿಯ ಹುಡುಗಿಯೊಬ್ಬಳು ಕೇಳುವ ಕಾಲ ಬಂದುದೇ ಒಂದು ಭಾಗ್ಯವೆಂದು ನಾವು ಎಣಿಸುವೆವು. ನಾವು ಮಿಷನ್ ಬೋರ್ಡಿಂಗಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಸಂಜೆಯ ಥ್ರೋಬಾಲು ಇತ್ತು, ಓಟವೂ ಇತ್ತು; ಆದರೆ ಹತ್ತನೆಯ ತರಗತಿ ಮುಗಿದೊಡನೆ ಎರಡೂ ತಾವಾಗಿಯೇ ನಿಂತುಹೋದುವು. ಯಾರೂ ಬಿಡೆಂದು ಹೇಳಲಿಲ್ಲ. ಆಡೆಂದು ಹೇಳುವವರೂ ಇರಲಿಲ್ಲ.

ಈಗ ನಮ್ಮ ಸೀಮೆಯ ಮಾತಿಗೆ ಬರೋಣ. ಗುಂಪಿನ ಆಟದ ಪರವಾಗಿ ಸಾಮಾನ್ಯವಾಗಿ ಹೇಳುವುದು ಸಹಕಾರ, ಸ್ನೇಹ, ಐಕಮತ್ಯ ಮುಂತಾದ ಗುಣಗಳನ್ನು. ಅವು ನಿಜವೇ. ಆದರೆ ಇಲ್ಲಿ ಇನ್ನೊಂದು ಕಾರಣವಿದೆ. ಹಿಂದೊಮ್ಮೆ ಜಿಲ್ಲೆಯ ಕೂಟಕ್ಕೆ ಮಗಳನ್ನು ಕಳುಹಿಸಿರೆಂದು ಕೇಳಲು ಹೋದಾಗ ಒಬ್ಬ ತಂದೆ ನಮಗೆ ಹೇಳಿದರು: “ಹತ್ತು ಹುಡುಗ್ಯಾರ ಸಂಗಾಟ ಹೋದ್ರ ಹೋಗಲಿ ಬಿಡ್ರೀ ಟೀಚರ್. ಒಬ್ಬಾಕೀನ ಹ್ಯಾಂಗ ಕಳಸೂದ್ರಿ?” ಈ ಮಾತಿನಲ್ಲಿ ಕಠಿಣತೆಯಿರಲಿಲ್ಲ, ಭಯವಿತ್ತು. ಹನ್ನೆರಡು ಮಂದಿಯ ತಂಡವೆಂದರೆ ಹನ್ನೆರಡು ಮನೆಗಳ ಬಾಗಿಲು ಏಕಕಾಲಕ್ಕೆ ತೆರೆಯುವ ಬೀಗದ ಕೈ. ಆ ತಂಡದ ಗಟ್ಟಿಗಿತ್ತಿಯು ಹಿಂದೆ ಸರಿದರೆ ಸೋಲುವುದು ಪಂದ್ಯವೊಂದೇ ಅಲ್ಲ. ಉಳಿದವರ ಪೈಕಿ ಎಷ್ಟೋ ಮಂದಿಗೆ ತಾಲ್ಲೂಕಿನ ಗಡಿಯಾಚೆಯ ಊರನ್ನು ಕಾಣುವ ಅವಕಾಶವೂ ತಪ್ಪುವುದು. ನಮಗೆ ಕಾಗದ ಬರೆದವಳ ತಂಡದಲ್ಲಿ ನಮ್ಮ ಶಾಲೆಯ ಇನ್ನೂ ನಾಲ್ವರು ಇದ್ದರು. ಅವಳ ಸಂಕಟದ ಬೇರು ಇಲ್ಲಿತ್ತು.

ಓಟದ ಪರವಾಗಿಯೂ ಅಷ್ಟೇ ಬಲವಾದ ಮಾತುಂಟು. ತಂಡದ ಆಟದಲ್ಲಿ ಒಬ್ಬಳನ್ನು ಆರಿಸುವುದು ಆಯ್ಕೆ ಮಾಡುವವರ ಕಣ್ಣು. ಕಣ್ಣಿಗೆ ಪರಿಚಯವುಂಟು, ಊರುಂಟು, ಮುಲಾಜುಂಟು. ಗಡಿಯಾರಕ್ಕೆ ಇವೊಂದೂ ಇಲ್ಲ. ಕೂಲಿಕಾರರ ಮಗಳು ಓಡಿದ ಸೆಕೆಂಡೂ ಧಣಿಯ ಮಗಳು ಓಡಿದ ಸೆಕೆಂಡೂ ಅಲ್ಲಿ ಒಂದೇ ಅಳತೆಯವು. ಶಿಫಾರಸು ಮಾಡುವವರಿಲ್ಲದ ಮನೆಯ ಹುಡುಗಿಗೆ ಇದು ಚಿಕ್ಕ ಆಸರೆಯಲ್ಲ. ಆ ಗಡಿಯಾರವು ನಿರ್ದಯವೆಂಬುದೂ ಸತ್ಯ: 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಪಿ. ಟಿ. ಉಷಾ ಅವರಿಗೆ ನಾನೂರು ಮೀಟರಿನ ಹರ್ಡಲ್ಸಿನ ಕಂಚು ತಪ್ಪಿದುದು ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ. ಗುಂಪಿನಲ್ಲಿ ಸೋತರೆ ದುಃಖವನ್ನು ಹಂಚಿಕೊಳ್ಳಲು ಜನರಿರುವರು. ಓಟದಲ್ಲಿ ಸೋತವಳು ತನ್ನ ಸೋಲನ್ನು ತಾನೇ ಹೊತ್ತು ಬರಬೇಕು.

ನಾವು ಅವಳಿಗೆ “ಇದನ್ನು ಹಿಡಿ, ಅದನ್ನು ಬಿಡು” ಎಂದು ಬರೆಯಲಿಲ್ಲ. ಉಪಾಧ್ಯಾಯಿನಿಯು ದಾರಿಯ ಕಲ್ಲುಗಳನ್ನು ತೋರಿಸಬಹುದಲ್ಲದೆ ಕಾಲುಗಳನ್ನು ಎತ್ತಿಡಲಾರಳು. ನಾಲ್ಕು ಪ್ರಶ್ನೆಗಳನ್ನು ಮಾತ್ರ ಬರೆದು ಕಳುಹಿಸಿದೆವು. ಮೊದಲನೆಯದು: ಯಾರೂ ನೋಡದ ದಿನ, ಬಹುಮಾನವಿಲ್ಲದ ದಿನ, ನೀನಾಗಿಯೇ ಎದ್ದು ಹೋಗುವುದು ಯಾವ ಅಭ್ಯಾಸಕ್ಕೆ? ಎರಡನೆಯದು: ಯಾವುದರಿಂದ ನಿನ್ನ ಓದಿಗೆ ಕಡಮೆ ಹಾನಿ? ಮೂರನೆಯದು: ಮೈಗೆ ಪೆಟ್ಟಾಗಿ ಒಂದು ವರ್ಷ ಕುಳಿತುಕೊಳ್ಳಬೇಕಾಗಿ ಬಂದರೆ, ಯಾವುದರ ಜನ ನಿನ್ನನ್ನು ನೋಡಲು ಬರುವರು? ನಾಲ್ಕನೆಯದು: ನೀನು ಬಿಟ್ಟುಹೋಗುವ ಸ್ಥಳದಲ್ಲಿ ನಿಲ್ಲಲು ಇನ್ನೊಬ್ಬಳು ಸಿದ್ಧಳಾಗಿರುವಳೇ? ಇಲ್ಲವಾದರೆ, ಅವಳನ್ನು ಸಿದ್ಧಪಡಿಸುವ ಕೆಲಸ ಯಾರದು?

ಉತ್ತರವು ತಿಂಗಳು ಕಳೆದು ಬಂದಿತು. ಅವಳು ಓಟವನ್ನು ಆರಿಸಿಕೊಂಡಿದ್ದಳು. ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾಗಲೇ ಇಲ್ಲವೆಂದೂ, ಮೂರನೆಯದಕ್ಕೆ ಉತ್ತರ ಕಬಡ್ಡಿಯೇ ಆದುದರಿಂದ ಎರಡು ರಾತ್ರಿ ನಿದ್ರೆ ಬರಲಿಲ್ಲವೆಂದೂ ಬರೆದಿದ್ದಳು. ತಂಡದವರಿಗೆ ತಾನೇ ಹೇಳಿದಳಂತೆ, ಬೇರೆಯವರ ಬಾಯಿಂದ ಹೇಳಿಸಲಿಲ್ಲ. ಇಬ್ಬರು ಅತ್ತರು, ಒಬ್ಬಳು ಬಹಳ ದಿನ ಮಾತು ಬಿಟ್ಟಳು. ನಾಲ್ಕನೆಯ ಪ್ರಶ್ನೆಯನ್ನು ಅವಳು ಮರೆಯದೆ, ಶನಿವಾರಗಳಂದು ಅಂಕಣಕ್ಕೆ ಬಂದು ಕಿರಿಯಳೊಬ್ಬಳಿಗೆ ತನ್ನ ಪಟ್ಟುಗಳನ್ನು ಕಲಿಸಿದಳು. ಆ ವರ್ಷ ಕಬಡ್ಡಿ ತಂಡವು ಮೊದಲ ಸುತ್ತಿನಲ್ಲಿಯೇ ಸೋತಿತು. ಇವಳಿಗೂ ಪದಕವೇನೂ ಬರಲಿಲ್ಲ. ಮರುವರ್ಷ ತಂಡವು ಮತ್ತೆ ಹೊರಟಿತು, ಹನ್ನೆರಡು ಮಂದಿಯೂ ಹೊರಟರು. ಇವಳು ತನ್ನ ಹಳೆಯ ಕಾಲವನ್ನು ಒಂದು ಸೆಕೆಂಡಿಗಿಂತ ಹೆಚ್ಚಾಗಿ ಕಡಮೆ ಮಾಡಿಕೊಂಡಳು. ಪತ್ರಿಕೆಗಳಲ್ಲಿ ಅಚ್ಚಾಗುವಂತಹ ವಿಜಯಗಳಲ್ಲ ಇವು. ಆದರೂ ನಮ್ಮ ಶಾಲೆಯ ದಾಖಲೆಯಲ್ಲಿ ಇವಕ್ಕೆ ಸ್ಥಳವಿರಬೇಕೆಂದು ನಾವು ಇಲ್ಲಿ ಬರೆದಿಡುತ್ತಿರುವೆವು.

ಈ ಕಥೆಯಿಂದ ಓಟವೇ ಮೇಲೆಂದು ಯಾರೂ ತಿಳಿಯಬಾರದು. ಇನ್ನೊಬ್ಬಳು ಇದೇ ಪ್ರಶ್ನೆಗಳಿಗೆ ಉತ್ತರಿಸಿ ತಂಡದಲ್ಲಿಯೇ ಉಳಿದರೆ ಅವಳ ತೀರ್ಮಾನವೂ ಅಷ್ಟೇ ಗೌರವಕ್ಕೆ ಅರ್ಹವಾದುದು. ಎರಡರ ನಡುವೆ ಒಂದು ಸೇತುವೆಯೂ ಇದೆ: ರಿಲೇ ಓಟ. 1986ರ ಸೋಲ್ ಏಷ್ಯಾದ ಕೂಟದಲ್ಲಿ ನಾಲ್ಕು ನಾನೂರು ಮೀಟರಿನ ರಿಲೇಯನ್ನು ಗೆದ್ದ ಭಾರತದ ನಾಲ್ವರಲ್ಲಿ ನಮ್ಮ ಕರ್ನಾಟಕದ ವಂದನಾ ರಾವ್ ಅವರೂ ಒಬ್ಬರು. ಅಲ್ಲಿ ಓಡುವವಳು ಒಂಟಿ. ಆದರೆ ಕೋಲನ್ನು ಕೊಡುವ ಕೈಯೂ ಕೊಳ್ಳುವ ಕೈಯೂ ಇರುವುವು.

ಪೋಷಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮಗಳು ಆರಿಸಿಕೊಂಡುದು ಒಂಟಿ ಓಟವಾದರೆ ಅವಳು ಒಂಟಿಯಾಗಿ ಹೋಗಬೇಕಾದುದಿಲ್ಲ. ಜೊತೆಗೆ ಒಬ್ಬ ಉಪಾಧ್ಯಾಯಿನಿ ಬರುವ ಏರ್ಪಾಡನ್ನು ಶಾಲೆಯು ಮಾಡುವುದು. ತಾಯಂದಿರು ಬರುವುದಾದರೆ ಇನ್ನೂ ಸಂತೋಷ. ಬಸ್ಸಿನ ಖರ್ಚಿಗಾಗಿ ಒಂದು ಪ್ರತಿಭೆ ನಂದಿಹೋಗದಂತೆ ನೋಡಿಕೊಳ್ಳುವುದು ಹಳೆಯ ವಿದ್ಯಾರ್ಥಿನಿಯರ ಕೈಯಲ್ಲಿದೆ.

ನಮ್ಮ ಊರಿನ ಬಂಡೆಯ ಮೇಲೆ ಅಶೋಕನ ಶಾಸನವೊಂದಿದೆಯಷ್ಟೆ; 1915ರಲ್ಲಿ ಅದು ಬೆಳಕಿಗೆ ಬಂದಾಗ, ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದು ಅದರಲ್ಲಿದ್ದ ಹೆಸರಿನಿಂದ ಸ್ಥಿರಪಟ್ಟಿತು. ಅದನ್ನು ನೋಡಲು ಬಾಲಿಕೆಯರನ್ನು ಕರೆದೊಯ್ದಾಗಲೆಲ್ಲ ನಾವು ಆ ಹೆಸರಿಗಿಂತ ಹೆಚ್ಚಾಗಿ ಅದರ ತಾತ್ಪರ್ಯವನ್ನು ಹೇಳುವೆವು: ಉನ್ನತವಾದುದು ದೊಡ್ಡವರಿಗೆ ಮಾತ್ರ ದೊರೆಯುವುದೆಂದು ತಿಳಿಯಬಾರದು, ಪ್ರಯತ್ನಪಟ್ಟರೆ ಚಿಕ್ಕವರಿಗೂ ಅದು ದೊರೆಯುವುದು. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ಕಪ್ಪು ಮಣ್ಣಿನ ಸೀಮೆಯಲ್ಲಿ ಕೊರೆಯಿಸಿದ ಮಾತು ಇಂದು ನಮ್ಮ ಆಟದ ಬಯಲಿಗೂ ಸಲ್ಲುತ್ತದೆ. ಪ್ರಿಯ ಬಾಲಿಕೆಯರೇ, ಅಂಕಣವನ್ನು ಆರಿಸಿರಿ, ಇಲ್ಲವೇ ಓಟದ ಗೆರೆಯನ್ನು ಆರಿಸಿರಿ. ಆರಿಸಿದುದನ್ನು ಪೂರ್ಣಮನಸ್ಸಿನಿಂದ ನಡೆಸಿರಿ. ಬಿಟ್ಟುದನ್ನು ಕೃತಜ್ಞತೆಯಿಂದ ಬಿಡಿರಿ. ನಿಮ್ಮ ಪರವಾಗಿ ಬೇರೆ ಯಾರೋ ಆರಿಸುವ ದಿನಗಳು ಮರಳಿ ಬಾರದಿರಲಿ ಎಂಬುದೇ ನಮ್ಮ ಹಾರೈಕೆ.