ಕೇಪಿನ ಮೇಲಿನ ಗುರುತು

ಕೋವಿಯ ವಿಷಯವನ್ನು ಗೃಹಸ್ಥರ ಮಾಸಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ವಾಚಕಮಹಾಶಯರಲ್ಲಿ ಕೆಲವರು ಶಂಕಿಸಬಹುದು. ಆದರೆ ಬೈಂದೂರು, ಕುಂದಾಪುರ, ಬ್ರಹ್ಮಾವರ ಸೀಮೆಗಳಲ್ಲಿ ಘಟ್ಟದ ಬುಡಕ್ಕೆ ಅಂಟಿಕೊಂಡಿರುವ ಎಷ್ಟೋ ಒಕ್ಕಲುಮನೆಗಳಲ್ಲಿ ಬೆಳೆರಕ್ಷಣೆಯ ಲೈಸೆನ್ಸಿನ ಕೋವಿಯು ಹಾರೆ ಪಿಕಾಸಿಗಳಂತೆ ಬೇಸಾಯದ ಉಪಕರಣವೇ ಆಗಿದೆ. ಅಲ್ಲದೆ ನಾವು ಹೇಳಹೊರಟಿರುವುದು ಬೇಟೆಯ ಕಥೆಯಲ್ಲ. ಶಾಸ್ತ್ರ ಓದಿದವನೊಬ್ಬನು ವಿಚಾರಿಸದೆ ಆಡಿದ ಒಂದು ಮಾತಿನ ಕಥೆ.

ಸುಮಾರು 25 ವರ್ಷಗಳ ಹಿಂದೆ, ಈಗ ಬೈಂದೂರು ತಾಲೂಕಿಗೆ ಸೇರಿರುವ ಕೊಡಚಾದ್ರಿಯ ತಪ್ಪಲಿನ ನಮ್ಮ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ನೆಲಗಡಲೆ ಹಾಕಿದ್ದೆವು. ಹಗಲು ಮಂಗಗಳ ಕಾಟ, ಬೆಳಗಿನ ಜಾವ ಕಾಡುಹಂದಿಗಳ ಕಾಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಪ್ರಾಣಿಗಳಿಗೂ ರಕ್ಷಣೆ ಕೊಟ್ಟಿರುವುದರಿಂದ ಈಡಿನ ಸದ್ದಿನಿಂದ ಅವುಗಳನ್ನು ಹೆದರಿಸಿ ಓಡಿಸುವುದಷ್ಟೇ ನಮ್ಮ ಉದ್ದೇಶವಾಗಿದ್ದಿತು. ತೀರ್ಥರೂಪರ ಕಾಲದ ಒಂಟಿನಳಿಗೆಯ ಕೋವಿಗೆ ಕುಂದಾಪುರದ ಲೈಸೆನ್ಸುಳ್ಳ ಒಂದು ಅಂಗಡಿಯಿಂದ ಹೊಸದಾಗಿ ತುಂಬಿದ 20 ತೋಟಾಗಳನ್ನು ತಂದೆವು. ಅಲ್ಲಿ ತೋಟಾ ತುಂಬುತ್ತಿದ್ದವನು ನಮ್ಮಲ್ಲಿಯೇ ಕಲಿತ ಒಬ್ಬ ಹುಡುಗ.

ಮಕರಮಾಸದ ಒಂದು ಬೆಳಗಿನ ಜಾವ ಹಂದಿಗಳು ನುಗ್ಗಿದವು. ಕುದುರೆ ಬಿದ್ದ ಸದ್ದಾಯಿತು, ಈಡು ಹಾರಲಿಲ್ಲ. ನಮ್ಮ ತಮ್ಮನು ಒಡನೆಯೇ ಕೋವಿಯನ್ನು ಮಡಚಿ ತೋಟಾ ತೆಗೆಯಲು ಕೈಹಾಕಿದನು, ನಾವು ತಡೆದೆವು. ಹಾರದ ಈಡನ್ನು ನಂಬಬಾರದು. ಮದ್ದಿಗೆ ಬೆಂಕಿ ತಡವಾಗಿ ಮುಟ್ಟುವುದುಂಟು. ಆದಕಾರಣ ನಳಿಗೆಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು ಪೂರಾ ಒಂದು ನಿಮಿಷ ಕಾಯಬೇಕೆಂಬುದು ತೀರ್ಥರೂಪರು ಕಲಿಸಿದ ನಿಯಮ. ಅವನ ಮುಖವು ಆ ಹೊತ್ತಿನಲ್ಲಿ ನಳಿಗೆಯ ಬಾಯಿಗೆ ಎಷ್ಟು ಸಮೀಪವಿದ್ದಿತೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಹೀಗೆ ಒಂದು ವಾರದಲ್ಲಿ ಐದು ತೋಟಾಗಳು ಹುಸಿಹೋದವು. ನೆಲಗಡಲೆಯೂ ಅರ್ಧ ಹೋಯಿತು. ಆ ಹೆದರಿಕೆ, ಈ ನಷ್ಟ, ಎರಡೂ ಸೇರಿದ ಸಿಟ್ಟಿನಲ್ಲಿ ನಾವು ನೇರವಾಗಿ ಅಂಗಡಿಗೆ ಹೋಗಿ, ಧಣಿಯೂ ಗಿರಾಕಿಗಳೂ ಕೇಳುವಂತೆ, “ಕೇಪು ಕೂರಿಸಲು ಬಾರದವನಿಗೆ ಈ ಕೆಲಸವೇಕೆ? ಶಾಲೆಯಲ್ಲಿಯೂ ನಿನ್ನ ಲೆಕ್ಕ ಹೀಗೆಯೇ ಇತ್ತು,” ಎಂದುಬಿಟ್ಟೆವು. ಧಣಿಯು ಹುಡುಗನ ಕಡೆ ನೋಡಿದ ನೋಟದಲ್ಲಿ ಅವನ ಸಂಬಳದ ಪ್ರಶ್ನೆ ಅಡಗಿದ್ದಿತು. ಹುಡುಗನು ಮಾತ್ರ ಮೆಲ್ಲಗೆ, “ಮಾಷ್ಟ್ರೆ, ಹಾರಿದ್ದ್ ಹಾರದ್ದ್ ಎಲ್ಲ ತಕಂಡ್ ಬನ್ನಿ. ಒಂದ್ಸಲ ಕಾಂಬ,” ಎಂದನು.

ಮರುದಿನ ಹಾರಿದ ಎಂಟು, ಹುಸಿಹೋದ ನಾಲ್ಕು ತೋಟಾಗಳನ್ನು ಒಯ್ದೆವು. ಅವನು ಅವನ್ನು ಬೆನ್ನು ಮೇಲಾಗಿ ಸಾಲಾಗಿ ನಿಲ್ಲಿಸಿದನು. ಕೋವಿಯೊಳಗಿನ ಮೊಳೆ ಬಡಿದ ಗುರುತು ಕೆಲವು ಕೇಪುಗಳಲ್ಲಿ ಉದ್ದಿನ ಕಾಳು ಊರಿದಂತೆ ಆಳವಾಗಿದ್ದಿತು. ಕೆಲವುಗಳಲ್ಲಿ ಉಗುರು ತಾಗಿದಷ್ಟು ಮಾತ್ರ. ಬೆರಳ ತುದಿಯಿಂದ ಸವರಿ, “ಕೇಪೆಲ್ಲ ಸಮ ಕೂತಿತ್ತ್ ಕಾಣಿ. ಯಾವ್ದ್ ಯಾವಾಗ ಹೊಡೆದ್ದ್?” ಎಂದು ಕೇಳಿದನು. ಲೆಕ್ಕವಿಡುವ ಚಾಳಿಯಿಂದ ಪ್ರತಿಯೊಂದರ ಮೇಲೂ ನಾವು ದಿನ, ವೇಳೆಗಳನ್ನು ಬರೆದಿದ್ದೆವು. ನೋಡುವಾಗ, ಆಳವಾದ ಗುರುತುಗಳೆಲ್ಲ ಮಂಗಗಳನ್ನು ಓಡಿಸಿದ ಮಧ್ಯಾಹ್ನದವು. ಮೇಲುಮೇಲಿನವೆಲ್ಲ ಹಂದಿಗಳನ್ನು ಓಡಿಸಹೋದ ಬೆಳಗಿನ ಜಾವದವು. ಹುಸಿಹೋದ ಐದನೆಯ ತೋಟಾವನ್ನು ಅಪರಾಹ್ನ ಮತ್ತೊಮ್ಮೆ ಹಾಕಿದಾಗ ಅದು ಹಾರಿದ್ದೂ ಆಗ ನೆನಪಾಯಿತು.

ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕ ಎಂಬುದೊಂದುಂಟು. ಯಾವುದು ಇದ್ದರೆ ಕಾರ್ಯವಿದೆಯೋ, ಯಾವುದು ಇಲ್ಲದಿದ್ದರೆ ಕಾರ್ಯವಿಲ್ಲವೋ, ಅದರಲ್ಲಿ ಕಾರಣವನ್ನು ಹುಡುಕಬೇಕು. ದೋಷವು ಕೇಪಿನದಾಗಿದ್ದರೆ ಅದು ಗಡಿಯಾರ ನೋಡಿ ಬರುತ್ತಿರಲಿಲ್ಲ. ಸ್ಪ್ರಿಂಗು ಸೋತಿದ್ದರೆ ಮಧ್ಯಾಹ್ನದ ಪೆಟ್ಟೂ ಸೋಲಬೇಕಿತ್ತು. ಬೆಳಗಿಗೆ ಇದ್ದು ಮಧ್ಯಾಹ್ನಕ್ಕೆ ಇಲ್ಲದ್ದು ಚಳಿಯೊಂದೇ. ಆದರೆ ಚಳಿಗೂ ಕೋವಿಗೂ ಏನು ಸಂಬಂಧ? ಈ ಶಾಸ್ತ್ರವನ್ನು ವರ್ಷವರ್ಷವೂ ಪಾಠ ಹೇಳಿದ್ದ ನಮಗೆ ಅದು ಹೊಳೆಯಲಿಲ್ಲ.

ಉತ್ತರ ದೊರೆತದ್ದು ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ. ನಮ್ಮ ಮನೆಯವರು ತುಪ್ಪದಂತೆ ಹೆಪ್ಪುಗಟ್ಟಿದ್ದ ತೆಂಗಿನೆಣ್ಣೆಯ ಶೀಸೆಯನ್ನು ಒಲೆಯ ಬಳಿ ಇಟ್ಟು ಕರಗಿಸುತ್ತಿದ್ದರು. ಮಳೆಗಾಲಕ್ಕೆ ಮುಂಚೆ, ತುಕ್ಕು ಹಿಡಿಯದಿರಲೆಂದು, ನಾವೇ ಕೈಯಾರೆ ಆ ಎಣ್ಣೆಯನ್ನು ಮೊಳೆಯ ರಂಧ್ರಕ್ಕೆ ಧಾರಾಳವಾಗಿ ಹನಿಸಿದ್ದೆವು! ತೆಂಗಿನೆಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಘಟ್ಟದ ಬುಡದ ಮಕರಮಾಸದ ಬೆಳಗು ಅದಕ್ಕಿಂತ ತಣ್ಣಗಿರುತ್ತದೆ. ಕುದುರೆಯ ಪೆಟ್ಟಿನ ಬಲವು ಹೆಪ್ಪನ್ನು ನೂಕುವುದರಲ್ಲಿಯೇ ವ್ಯಯವಾಗಿ, ಮೊಳೆಯು ಕೇಪನ್ನು ಮುಟ್ಟುವಾಗ ನಿತ್ರಾಣವಾಗುತ್ತಿದ್ದಿತು. 1941-42ರ ಚಳಿಗಾಲದಲ್ಲಿ ರಷ್ಯಾದೇಶಕ್ಕೆ ನುಗ್ಗಿದ ಜರ್ಮನ್ ಸೈನ್ಯದ ಬಂದೂಕುಗಳೂ ಎಣ್ಣೆ ಗಟ್ಟಿಯಾಗಿ ಕೈಕೊಟ್ಟವೆಂಬುದನ್ನು ಅನಂತರ ಓದಿದೆವು.

ಬ್ರಹ್ಮಾವರದ ಕಡೆಯ ಕೋವಿ ರಿಪೇರಿಯವರು ಮೊಳೆಯನ್ನು ಬಿಚ್ಚಿ ಚಿಮಿಣಿ ಎಣ್ಣೆಯಲ್ಲಿ ತೊಳೆದು, ಒರಸಿ, ತೆಳುವಾದ ಯಂತ್ರದೆಣ್ಣೆಯನ್ನು ಒಂದೇ ಹನಿ ಸವರಿ ಕೊಟ್ಟರು. ಆಮೇಲೆ ಬೆಳಗಿನ ಗುರುತೂ ಮಧ್ಯಾಹ್ನದ ಗುರುತೂ ಒಂದೇ ಆದವು.

ಈ ಗುರುತು ಸಾಮಾನ್ಯ ಸಾಕ್ಷಿಯಲ್ಲ. 2015ರಲ್ಲಿ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರೂ 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರೂ ಹತರಾದಾಗ, ದೊರೆತ ಗುಂಡು, ತೋಟಾಗಳ ಮೇಲಿನ ಗುರುತುಗಳನ್ನು ಹೋಲಿಸಿಯೇ, ಎರಡು ಕಡೆಯೂ ಬಳಕೆಯಾದ ಪಿಸ್ತೂಲು ಒಂದೇ ಎಂದು ವಿಧಿವಿಜ್ಞಾನ ಪರೀಕ್ಷಕರು ವರದಿ ಮಾಡಿದರು. ಮೌನವಾಗಿದ್ದರೂ ಸುಳ್ಳಾಡದ ಅಂಥ ಸಾಕ್ಷಿಯು ನಮ್ಮ ಕೈಯಲ್ಲಿಯೇ ಇದ್ದಾಗ, ಅದನ್ನು ನೋಡದೆ ನಾವು ತೀರ್ಪು ಕೊಟ್ಟಿದ್ದೆವು.

ಅಂಗಡಿಗೆ ಹೋಗಿ, ಧಣಿಯೂ ಗಿರಾಕಿಗಳೂ ಇರುವ ಹೊತ್ತಿನಲ್ಲಿಯೇ, ತಪ್ಪು ನಮ್ಮದೆಂದು ಒಪ್ಪಿಕೊಂಡೆವು. ಧಣಿಯ ಮುಖ ತಿಳಿಯಾಯಿತು. ಹುಡುಗನು ಚಹಾ ತರಿಸಿಕೊಟ್ಟನು. ನಾವು ಹೊರಡುವಾಗ ಮೆಟ್ಟಿಲವರೆಗೆ ಬಂದು, ತಲೆ ತಗ್ಗಿಸಿಕೊಂಡು ಕೇಳಿದನು: “ಕೇಪಿನ ಮಾತ್ ಬಿಡಿ ಮಾಷ್ಟ್ರೆ. ಶಾಲೆ ಮಾತ್ ಎಂತಕ್ಕೆ ತೆಗೆದ್ರಿ?”

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕೋವಿಯಿಟ್ಟುಕೊಂಡ ಗೃಹಸ್ಥರು ಮೊಳೆಯ ರಂಧ್ರಕ್ಕೆ ತೆಂಗಿನೆಣ್ಣೆ ಹಾಕದಿರಲಿ, ಹಾರದ ಈಡಿಗೆ ಒಂದು ನಿಮಿಷ ಕಾಯಲಿ. ಅಷ್ಟೇ ಹೊತ್ತು ನಾಲಗೆಯನ್ನೂ ತಡೆದಿದ್ದರೆ ಆ ಮಾತು ನಮ್ಮ ಬಾಯಿಂದ ಬರುತ್ತಿರಲಿಲ್ಲ. ಅನಂತರದ ವರ್ಷಗಳಲ್ಲಿ ಹುಡುಗನೊಬ್ಬನ ಲೆಕ್ಕ ತಪ್ಪಿದಾಗಲೆಲ್ಲ ನಾವು ಮೊದಲು ನಮ್ಮ ಪಾಠವನ್ನು ಬಿಚ್ಚಿ ನೋಡಿಕೊಳ್ಳುವ ಅಭ್ಯಾಸವಿಟ್ಟುಕೊಂಡೆವು.