ದೀಪ ಹಿಡಿದವಳ ಅಪ್ಪ

ಇವತ್ತು ಬೆಳಿಗ್ಗೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಒಂದು ಮಾತು ಕಿವಿಗೆ ಬಿದ್ದು ಮನಸ್ಸು ಕೆಟ್ಟಿತು. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಒಬ್ಬರು ಮಗಳನ್ನು ನಿಲ್ಲಿಸಿಕೊಂಡು, "ನೋಡು ಪುಟ್ಟಿ, ಇದು ರವಿವರ್ಮ ಬರೆದಿದ್ದು" ಎಂದರು. ಹಿಂದೆ ನಿಂತಿದ್ದ ನಾಲ್ಕಾರು ಜನ ತಲೆದೂಗಿದರು.

ಈ ಊರಿಗೆ ಬಂದಾಗಲೆಲ್ಲ ಈ ಮಾತು ಕೇಳುತ್ತೇನೆ, ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ರವಿವರ್ಮ 1906ರಲ್ಲೇ ತೀರಿಕೊಂಡರು. ಈ ಚಿತ್ರವನ್ನು 1940ರ ದಶಕದಲ್ಲಿ ಬರೆದವರು ಸಾವಂತವಾಡಿಯಲ್ಲಿ ಹುಟ್ಟಿದ ಎಸ್.ಎಲ್. ಹಳದಣಕರ್. ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಎಣ್ಣೆಬಣ್ಣದಲ್ಲಿ ತಪ್ಪಿದರೆ ಮೇಲೊಂದು ಪದರ ಬಳಿದು ತಿದ್ದಬಹುದು. ನೀರಿನ ಬಣ್ಣ ಕಾಗದಕ್ಕೆ ಇಳಿದರೆ ಇಳಿದ ಹಾಗೆಯೇ. ಅಂಥದ್ದರಲ್ಲಿ, ಗಾಳಿಗೆ ಅಡ್ಡ ಹಿಡಿದ ಆ ಅಂಗೈ ನೋಡಿ: ಬೆರಳ ಸಂದಿನಲ್ಲಿ ಬೆಳಕು ಕೆಂಪಗೆ ಸೋರುತ್ತದೆ, ಅಲ್ಲಿಂದ ಗಲ್ಲಕ್ಕೆ ಏರುತ್ತದೆ. ಇಷ್ಟು ಮಾಡಿದವರ ಹೆಸರನ್ನು ಇನ್ನೊಬ್ಬರಿಗೆ ಕೊಡುವುದು ಸಣ್ಣ ತಪ್ಪಲ್ಲ. ಅದೇ ಅರಮನೆಯಲ್ಲಿ ರವಿವರ್ಮರ ಚಿತ್ರಗಳು ಬೇಕಾದಷ್ಟಿವೆ. ಅವರಿಗೆ ಈ ಸಾಲದ ಕೀರ್ತಿ ಬೇಕಿಲ್ಲ.

ತಡೆಯಲಾರದೆ ಹೇಳಿಬಿಟ್ಟೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, "ಹೌದಾ ಸಾರ್?" ಎಂದರು. ಹುಡುಗಿ ಮಾತ್ರ ನನ್ನನ್ನೇ ನೋಡಿ, "ದೀಪ ಹಿಡ್ಕೊಂಡಿರೋರು ಯಾರು ಅಂಕಲ್?" ಅಂದಳು.

"ಬರೆದವರ ಮಗಳು ಕಣಮ್ಮ."

ಅವಳು ತಿರುಗಿ ಅಪ್ಪನ ಮುಖ ನೋಡಿದಳು, ಆಮೇಲೆ ಮತ್ತೆ ಚಿತ್ರ ನೋಡಿದಳು.

ಅಲ್ಲಿಂದ ಹೊರಬಂದ ಮೇಲೆ ಕಾಲು ನಿಂತದ್ದು ಪ್ರಾಚ್ಯವಿದ್ಯಾ ಸಂಶೋಧನಾಲಯದ ಮುಂದೆ. 1891ರಲ್ಲಿ ಶುರುವಾದ ಸಂಸ್ಥೆ. ಮೈಸೂರು ವಿಶ್ವವಿದ್ಯಾನಿಲಯಕ್ಕಿಂತ 25 ವರ್ಷ ಹಿರಿಯದು. ಇಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಒಂದು ತಾಳೆಗರಿಯ ಕಟ್ಟು ಬಿಚ್ಚಿದರು. ಗ್ರಂಥಲಿಪಿ; ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಉಳಿದು ಪುಸ್ತಕವೇ ಕಾಣೆಯಾಗಿತ್ತು. 1909ರಲ್ಲಿ ಅವರು ಅಚ್ಚು ಹಾಕಿಸಿದರು.

ಶಾಸ್ತ್ರಿಗಳ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಆದರೆ ಆ ಕಟ್ಟನ್ನು ತಂದುಕೊಟ್ಟವರು ಯಾರು? ತಂಜಾವೂರು ಸೀಮೆಯ ಒಬ್ಬ ಪಂಡಿತರು ಎನ್ನುತ್ತಾರೆ, ಅಷ್ಟೇ. ಅವರ ಮನೆಯಲ್ಲಿ ಎಷ್ಟು ತಲೆಮಾರು ಆ ಗರಿಗಳನ್ನು ಹುಳು ಹಿಡಿಯದಂತೆ, ಒಲೆಗೆ ಬೀಳದಂತೆ ಕಾದಿದ್ದವೋ. ಮೈಸೂರಿನ ತನಕ ತಂದು, ಯಾರದೋ ಕೈಗಿತ್ತು, ಹಿಂದಿರುಗಿದರು. ಕಟ್ಟಡದ ನೆರಳಲ್ಲಿ ನಿಂತು ಆ ಹೆಸರಿಲ್ಲದ ಪಂಡಿತರನ್ನು ನೆನೆದು ಕೈಮುಗಿದೆ.

ಹೆಸರಿಲ್ಲದವರು ಅಂದಾಗ ಮನೆಯದೊಂದು ಪಾತ್ರೆ ನೆನಪಾಯಿತು: ನಮ್ಮಜ್ಜಿಯ ಹಿತ್ತಾಳೆ ತಂಬಿಗೆ ಈಗಲೂ ನನ್ನ ಹತ್ತಿರ ಇದೆ. ಅದರ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು, ಮದುವೆಗೆ ಉಡುಗೊರೆ ಕೊಟ್ಟ ಸೋದರಮಾವನ ಹೆಸರು ಕೊರೆದಿದೆ. ತಂಬಿಗೆ ಮಾಡಿದವನ ಹೆಸರಿಲ್ಲ. ಎಲ್ಲ ಮನೆಯ ಪಾತ್ರೆಗಳಲ್ಲೂ ಹೀಗೆಯೇ ತಾನೆ? ಊರಿಗೆ ಹೋದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿ, ತಳದಲ್ಲಿ ಏನಾದರೂ ಗುರುತು ಇದೆಯೋ ನೋಡಬೇಕು.