ಮಾವನ ಸ್ಪೀಕರು, ನನ್ನ ಆಂಪು

ತುಂಬಾ ದಿನದಿಂದ ಇದನ್ನ ಬರೀಬೇಕು ಅಂದ್ಕೊಳ್ತಿದ್ದೆ. ಸೋಮಾರಿತನ ಒಂದು ಕಡೆ, ತಪ್ಪು ಒಪ್ಕೊಳ್ಳೋ ಸಂಕೋಚ ಇನ್ನೊಂದು ಕಡೆ. ಈಗ ಮಾವನ ಹತ್ರಾನೇ ಒಪ್ಕೊಂಡಾಗಿದೆ, ಇನ್ನು ನಿಮ್ಮ ಹತ್ರ ಏನು ಮುಚ್ಚುಮರೆ...

ನನ್ನ ಸೋದರಮಾವ ಕ್ಯಾಸೆಟ್ ಕಾಲದಲ್ಲಿ ಬೆಂಗಳೂರಿನ ಒಂದು ಚಿಕ್ಕ ಸ್ಟುಡಿಯೋದಲ್ಲಿ ರೆಕಾರ್ಡಿಸ್ಟ್ ಆಗಿದ್ರು. ಭಕ್ತಿಗೀತೆ, ಭಾವಗೀತೆ, ಎಲೆಕ್ಷನ್ ಬಂದ್ರೆ ಪ್ರಚಾರದ ಹಾಡು. ಸ್ಟುಡಿಯೋ ಮುಚ್ಚಿದಾಗ ಬಾಕಿ ಸಂಬಳದ ಬದಲು ಅವರಿಗೆ ಸಿಕ್ಕಿದ್ದು ಒಂದು ಜೊತೆ ಸ್ಪೀಕರು. ಹಾಸನದ ಮನೆ ಅಟ್ಟದಲ್ಲಿ ಹಳೇ ಬೆಡ್‌ಶೀಟ್ ಸುತ್ಕೊಂಡು ಹದಿನೈದು ವರ್ಷ ಕೂತಿದ್ವು. ನಾನು ವಾರಾಂತ್ಯದಲ್ಲಿ ಗೆಳೆಯರ ಹಾಡು ಮಿಕ್ಸ್ ಮಾಡ್ತೀನಿ ಅಂತ ಗೊತ್ತಾಗಿ ಒಂದಿನ ಇಳಿಸಿ ಕೊಟ್ರು. "ತಗೊಂಡ್ಹೋಗೋ. ನಂಗೆ ಇನ್ಯಾಕೆ. ಹುಷಾರು ಕಣೋ, ಇದರ ಪಾರ್ಟು ಈಗ ಸಿಗಲ್ಲ" ಅಂದ್ರು.

ಬೆಡ್‌ಶೀಟ್ ಬಿಚ್ಚಿದ್ರೆ ಯಮಹಾ ಎನ್‌ಎಸ್-10ಎಂ ಸ್ಟುಡಿಯೋ! ಕಪ್ಪು ಡಬ್ಬ, ಬಿಳಿ ಕೋನು. ಟ್ವೀಟರ್ ಮೇಲೆ ಹಳದಿಯಾಗಿದ್ದ ಟಿಶ್ಯೂ ಪೇಪರ್ ತುಂಡೊಂದು ಇನ್ನೂ ಅಂಟ್ಕೊಂಡಿತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ಎನ್‌ಎಸ್-10 ಬಂದಿದ್ದು 1978ರಲ್ಲಿ, ಮನೆಯಲ್ಲಿ ಹಾಡು ಕೇಳೋಕೆ ಅಂತ. ಮನೆಯವರು ಅಷ್ಟಾಗಿ ಮೆಚ್ಚಲಿಲ್ಲ, ಸ್ಟುಡಿಯೋದವರು ಮೆಚ್ಚಿಕೊಂಡ್ರು. ದನಿ ಚುಚ್ಚುತ್ತೆ ಅಂತ ಇಂಜಿನಿಯರುಗಳು ಟ್ವೀಟರ್ ಮುಂದೆ ಟಿಶ್ಯೂ ಕಟ್ಟೋಕೆ ಶುರು ಮಾಡಿದ್ರು. ಕೊನೆಗೆ ಯಮಹಾದವರೇ 1987ರಲ್ಲಿ ಚುಚ್ಚೋದನ್ನ ಕಡಿಮೆ ಮಾಡಿ ಸ್ಟುಡಿಯೋ ಮಾಡೆಲ್ ತಂದ್ರು. "ಇದಕ್ಕೆ ಟಿಶ್ಯೂ ಬೇಕಿರ್ಲಿಲ್ಲ, ಅಭ್ಯಾಸಬಲ" ಅಂತ ಮಾವ ನಕ್ರು. 2001ರಲ್ಲಿ ತಯಾರಿಕೆ ನಿಂತೋಯ್ತು. ಆ ಬಿಳಿ ಕೋನಿಗೆ ಬೇಕಾದ ಪಲ್ಪ್ ಸಿಗ್ತಿಲ್ಲ ಅನ್ನೋದು ಕಂಪನಿ ಕೊಟ್ಟ ಕಾರಣ.

ಈಗಿನ ಸ್ಟುಡಿಯೋ ಮಾನಿಟರುಗಳಲ್ಲಿ ಹೆಚ್ಚಿನವಕ್ಕೆ ಆಂಪ್ ಹೊಟ್ಟೆಯೊಳಗೇ ಇರುತ್ತೆ. ಇವು ಪ್ಯಾಸಿವ್, ಆಂಪ್ ನಾವೇ ಹೊಂದಿಸ್ಬೇಕು. "ಸ್ಟುಡಿಯೋದಲ್ಲಿದ್ದ ಆಂಪ್ ಏನಾಯ್ತು ಮಾವ?" ಅಂದೆ. "ಅದನ್ನ ಓನರ್ ಇಟ್ಕೊಂಡ."

ನಾನು ಮಾಡಿದ ಘನಂದಾರಿ ಕೆಲಸ ಏನಪ್ಪಾ ಅಂದ್ರೆ, ಅಂಗೈ ಅಗಲದ ಒಂದು ಕ್ಲಾಸ್-ಡಿ ಆಂಪ್ ತಗೊಂಡೆ. ಡಬ್ಬದ ಮೇಲೆ '100+100 ವಾಟ್'. ಜೊತೆಗೆ 24 ವೋಲ್ಟ್, 6 ಆಂಪಿಯರ್ ಅಡಾಪ್ಟರ್. ಓದಿದ್ದು ಇಂಜಿನಿಯರಿಂಗ್ ಅಲ್ವಾ, ಗುಣಾಕಾರ ಮಾಡ್ದೆ. ಅಡಾಪ್ಟರೇ ಕೊಡೋದು 144 ವಾಟ್, ಇನ್ನು 200 ಎಲ್ಲಿಂದ ಬರುತ್ತೆ? ಇಂಥ ಆಂಪು ಸ್ಪೀಕರಿಗೆ ಹೆಚ್ಚೆಂದ್ರೆ ಅಡಾಪ್ಟರಿನ ವೋಲ್ಟೇಜಿನಷ್ಟೇ ತಲುಪಿಸೋಕಾಗೋದು. ವೋಲ್ಟೇಜಿನ ವರ್ಗವನ್ನ ಓಮಿನ ಎರಡರಷ್ಟರಿಂದ ಭಾಗಿಸಿದ್ರೆ ಲೆಕ್ಕ ಸಿಗುತ್ತೆ. 24 ಗುಣಿಸು 24, ಭಾಗಿಸು 16. ನನ್ನ 8 ಓಮ್ ಸ್ಪೀಕರಿಗೆ ಬರೀ 36 ವಾಟ್! ಡಬ್ಬದ ಮೇಲಿನ ಸಂಖ್ಯೆಗಳು ಸಾಮಾನ್ಯವಾಗಿ 4 ಓಮಿಗೆ, ಅದೂ ಶೇ. 10ರಷ್ಟು ಡಿಸ್ಟಾರ್ಶನ್ ಒಪ್ಕೊಂಡು ಬರೆದಿದ್ದು.

ಇಲ್ಲಿವರೆಗೆ ಲೆಕ್ಕ ಸರಿ. ಅದರಿಂದ ನಾನು ತೆಗೆದ ತೀರ್ಮಾನ ಮಾತ್ರ ಪೂರ್ತಿ ತಪ್ಪು. ಸ್ಪೀಕರ್ ತಡಕೊಳ್ಳೋದು 60 ವಾಟ್, ಪೀಕ್ 120. ಆಂಪ್ ಇರೋದೇ 36. ಚಿಕ್ಕ ಆಂಪ್ ತಾನೇ, ಸುಡೋಕೆ ಸಾಧ್ಯಾನೇ ಇಲ್ಲ!

ರೂಮ್‌ಮೇಟ್ ಹುಟ್ಟುಹಬ್ಬದ ದಿನ ಹಾಲ್‌ಗೆ ತಂದಿಟ್ಟು ಗುಬುಟು ಪೂರ್ತಿ ತಿರುಗಿಸಿದೆ. ಒಂದು ಗಂಟೆ ಕುಣಿತ. ಮಾರನೇ ದಿನ ಹಾಡು ಹಾಕಿದ್ರೆ ಎಡಗಡೆ ಸ್ಪೀಕರ್ ಕಂಬಳಿ ಹೊದ್ದು ಮಾತಾಡಿದ ಹಾಗೆ. ಟ್ವೀಟರ್ ಸತ್ತಿತ್ತು.

ಆಮೇಲೆ ಓದಿ ತಿಳ್ಕೊಂಡಿದ್ದು ಇದು. ಆಂಪ್ ತನ್ನ ಮಿತಿ ಮುಟ್ಟಿದಾಗ ಅಲೆಯ ತಲೆ ಕತ್ತರಿಸುತ್ತೆ, ಅದೇ ಕ್ಲಿಪ್ಪಿಂಗ್. ಪೂರ್ತಿ ಚೌಕಾಕಾರ ಆದ ಅಲೆಯಲ್ಲಿ ಮೊದಲಿನ ಎರಡರಷ್ಟು ಶಕ್ತಿ ಇರುತ್ತೆ. ಅಂದ್ರೆ ನನ್ನ 36 ವಾಟಿನ ಬಡಪಾಯಿ ಹತ್ತಿರಹತ್ತಿರ 72ರ ಕಡೆಗೆ ಹೊರಟಿತ್ತು. ಅದಕ್ಕಿಂತ ಕೆಟ್ಟದ್ದು ಏನಂದ್ರೆ, ಮೊದಲು ಕತ್ತರಿಸಿ ನಿಲ್ಲೋದು ದೊಡ್ಡ ಬೇಸ್ ಅಲೆಗಳು. ಗುಬುಟು ಇನ್ನೂ ತಿರುಗಿಸಿದ್ರೆ ಬೇಸ್ ಹೆಚ್ಚಾಗಲ್ಲ, ಆದ್ರೆ ಸಣ್ಣಗಿರೋ ತಾರದ ಸದ್ದುಗಳು ಹೆಚ್ಚಾಗ್ತಾನೇ ಹೋಗ್ತವೆ. ಅವೆಲ್ಲ ನೇರ ಟ್ವೀಟರಿಗೆ. ಹಾಡಿನ ಶಕ್ತಿಯಲ್ಲಿ ಅದರ ಪಾಲು ಯಾವಾಗ್ಲೂ ಸ್ವಲ್ಪವೇ ಅಂತ ನಂಬಿ ಕೂದಲಿನಂಥ ತಂತಿಯಲ್ಲಿ ಸುತ್ತಿರೋ ಕಾಯಿಲ್ ಅದು. ಬೆಂದೋಯ್ತು ಪಾಪ.

ಎಸ್‌ಪಿ ರೋಡ್ ಸುತ್ತಿದೆ. "ಸಾರ್, ಬೇರೆ ಟ್ವೀಟರ್ ಕೂರಿಸಿ ಕೊಡ್ತೀವಿ, ಯಾರಿಗೂ ಗೊತ್ತಾಗಲ್ಲ" ಅಂದ ಒಬ್ಬ. ನಂಗೆ ಗೊತ್ತಾಗುತ್ತಲ್ಲ? ಮಾವನಿಗೆ ಗೊತ್ತಾಗಲ್ವಾ? ಎರಡು ತಿಂಗಳು ಹುಡುಕಿದ ಮೇಲೆ ಹಾಳಾದ ಜೋಡಿಯಿಂದ ಯಾರೋ ಬಿಚ್ಚಿಟ್ಟಿದ್ದ ಅಸಲಿ ಟ್ವೀಟರ್ ಒಂದು ಸಿಕ್ತು. ಅದರ ಬೆಲೆ ಹೇಳಲ್ಲ, ಅಮ್ಮ ಇದನ್ನ ಓದ್ತಾಳೆ :-)

ಈ ಸಲ ಆಂಪ್ ತಗೊಳ್ಳೋಕೆ ಮುಂಚೆ ಕಾಗದ ಪೆನ್ ಹಿಡಿದು ಕೂತೆ. ಈ ಸ್ಪೀಕರಿಗೆ 1 ವಾಟ್ ಕೊಟ್ರೆ 1 ಮೀಟರ್ ದೂರದಲ್ಲಿ 90 ಡೆಸಿಬಲ್. 10 ವಾಟಿಗೆ 100, 100 ವಾಟಿಗೆ 110. ನಾನು ಮಿಕ್ಸ್ ಮಾಡುವಾಗ ಹತ್ತಿರಾನೇ ಕೂತು ಸುಮಾರು 82 ಡೆಸಿಬಲ್‌ನಲ್ಲಿ ಕೇಳ್ತೀನಿ. ಅದಕ್ಕೆ ಬೇಕಾಗೋದು ಕಾಲು ವಾಟಿಗಿಂತ ಕಡಿಮೆ! ಆದ್ರೆ ಮೃದಂಗದ ಒಂದು ಪೆಟ್ಟು ಸರಾಸರಿಗಿಂತ 18 ಡೆಸಿಬಲ್ ಮೇಲೆ ಹಾರಬಹುದು. ಆಗ 100 ಡೆಸಿಬಲ್, ಅಂದ್ರೆ 10 ವಾಟ್. ಒಮ್ಮೊಮ್ಮೆ ಜೋರಾಗಿ 90ರಲ್ಲಿ ಕೇಳಿದ್ರೆ ಅದೇ ಪೆಟ್ಟಿಗೆ 63 ವಾಟ್ ಬೇಕು. 36ರಲ್ಲಿ ಅದು ಕತ್ತರಿಸಿ ಹೋಗುತ್ತೆ, 100ರಲ್ಲಿ ಆರಾಮಾಗಿ ಹಾದು ಹೋಗುತ್ತೆ. 200 ಇದ್ರೆ? ಎರಡರಷ್ಟು ಜೋರು ಆಗಲ್ಲ, ಬರೀ 3 ಡೆಸಿಬಲ್ ಹೆಚ್ಚು. ಹಾಗಾಗಿ 8 ಓಮಿಗೆ 100 ವಾಟ್ ಅಂತ ತೀರ್ಮಾನ. ದೊಡ್ಡ ಆಂಪ್ ಅಂದ್ರೆ ಜೋರಾಗಿ ಹಾಕೋಕೆ ಅಲ್ಲ, ಮಿತಿ ಮುಟ್ಟದೇ ಇರೋಕೆ. ಗುಬುಟು ಮಾತ್ರ ಹದ್ದುಬಸ್ತಿನಲ್ಲಿರಬೇಕು, ಯಾಕಂದ್ರೆ ದೊಡ್ಡದೂ ಸುಡುತ್ತೆ.

ವಾಟ್ ಮುಗೀತು ಅಂದ್ಕೊಂಡ್ರೆ ಉಳಿದಿದ್ದು ಸದ್ದಿನ ವಿಷಯ. ಆರ್ಕೆಸ್ಟ್ರಾದವರ ಆಂಪುಗಳು ಅಗ್ಗಕ್ಕೆ ಸಿಗ್ತವೆ, ಆದ್ರೆ ಒಳಗಿನ ಫ್ಯಾನ್ ರಾತ್ರಿ ಹೊತ್ತು ಸಣ್ಣ ರೂಮಿನಲ್ಲಿ ಕೊರೀತಾ ಇರುತ್ತೆ. ತಂಬೂರಿ ಶ್ರುತಿ ಕೇಳೋದೋ, ಫ್ಯಾನ್ ಕೇಳೋದೋ? ಹಾಗಾಗಿ ಫ್ಯಾನ್ ಇಲ್ಲದ್ದು. ಆಮೇಲೆ ಎಕ್ಸ್‌ಎಲ್‌ಆರ್ ಇನ್‌ಪುಟ್ ಇರಲೇಬೇಕು. ಕಂಪ್ಯೂಟರು, ಆಂಪು ಎರಡಕ್ಕೂ ಅರ್ಥ್ ಇದ್ದಾಗ ಆರ್‌ಸಿಎ ವೈರಿನಲ್ಲಿ ಬರೋ ಗುಂಯ್ ಸದ್ದು ಬ್ಯಾಲೆನ್ಸ್ಡ್ ವೈರಿನಲ್ಲಿ ಹೆಚ್ಚೂಕಮ್ಮಿ ಮಾಯ.

ಡ್ಯಾಂಪಿಂಗ್ ಫ್ಯಾಕ್ಟರ್ 200, 500 ಅಂತ ಜಂಬ ಕೊಚ್ಚೋದನ್ನ ನಂಬಿ ದುಡ್ಡು ಕಳ್ಕೋಬೇಡಿ. 200 ಅಂದ್ರೆ ಆಂಪಿನ ಒಳಗಿನ ರೋಧ 0.04 ಓಮ್. ಮೂರು ಮೀಟರಿನ 1.5 ಚದರ ಮಿ.ಮೀ. ವೈರು ಹೋಗಿ ಬರೋದಕ್ಕೇ 0.07 ಓಮ್ ಸೇರಿಸುತ್ತೆ, ಅಲ್ಲಿಗೆ 200 ಇದ್ದದ್ದು 70ರ ಹತ್ರ ಬಂತು. ಸ್ಪೀಕರಿನ ಕಾಯಿಲಿನದ್ದೇ ಹಲವು ಓಮ್ ಇರುವಾಗ ಇದೆಲ್ಲ ಯಾವ ಲೆಕ್ಕ? ವೈರು ಗಿಡ್ಡಗೆ, ದಪ್ಪಗೆ ಇದ್ರೆ ಸಾಕು.

ಕೊನೆಗೆ ತಗೊಂಡಿದ್ದು ಒಂದು ಸೆಕೆಂಡ್‌ಹ್ಯಾಂಡ್ ಎಬಿ ಕ್ಲಾಸ್ ಆಂಪು. ಭಾರ, ಬಿಸಿ, ಚೆಂದ ಏನಿಲ್ಲ. ಆದ್ರೆ ಕ್ಲಿಪ್ ಆದ್ರೆ ಹತ್ಕೊಳ್ಳೋ ಕೆಂಪು ದೀಪ ಇದೆ. ಕೊನೆಯಲ್ಲಿ ಆನ್ ಮಾಡೋದು, ಮೊದಲು ಆಫ್ ಮಾಡೋದು ಆಂಪನ್ನೇ. ಇಲ್ಲಾಂದ್ರೆ ಬರೋ 'ಧಪ್' ಸದ್ದಿಗೇ ಕಾಯಿಲ್ ಹೋಗಬಹುದು.

ಮೊನ್ನೆ ಮದುವೆಗೆ ಅಂತ ಬೆಂಗಳೂರಿಗೆ ಬಂದಿದ್ದ ಮಾವ ನಮ್ಮನೇಲಿ ಉಳ್ಕೊಂಡಿದ್ರು. ಅವರೇ ರೆಕಾರ್ಡ್ ಮಾಡಿದ್ದ ಒಂದು ಭಾವಗೀತೆ ಕ್ಯಾಸೆಟ್ಟನ್ನ ಕಂಪ್ಯೂಟರಿಗೆ ಹಾಕಿಟ್ಟಿದ್ದೆ, ಅದನ್ನ ಹಚ್ಚಿದೆ. ಕಣ್ಣು ಮುಚ್ಕೊಂಡು ಕೇಳಿದ್ರು. ಹೇಳದೇ ಇದ್ರೆ ನಡೀತಿತ್ತು. ತಡೀಲಿಲ್ಲ.

"ಮಾವ, ಒಂದು ಟ್ವೀಟರ್ ಸುಟ್ಟುಬಿಟ್ಟಿದ್ದೆ. ಅಸಲಿದೇ ಹುಡುಕಿ ಹಾಕಿದೀನಿ."

ಬೈತಾರೆ ಅಂದ್ಕೊಂಡೆ. "ಯಾವ ಕಡೇದು?" ಅಂದ್ರು. ಎಡಗಡೇದು ಅಂದೆ. ಎದ್ದು ಹೋಗಿ ಅದರ ಪಕ್ಕ ಕಿವಿ ಇಟ್ರು. ಸುಮಾರು ಹೊತ್ತು.

"ತಾಳ ಕೇಳ್ತಿದೆಯೇನೋ ಇದರಲ್ಲಿ?"

"ಹೂಂ ಮಾವ, ಚೆನ್ನಾಗಿ ಕೇಳ್ತಿದೆ."

"ಹಂಗಾದ್ರೆ ಸರಿಯಾಗಿದೆ ಬಿಡು. ನಂಗೆ ಹಾಡೋಳ ದನಿ ಅಷ್ಟೇ ಕಣೋ ಕೇಳ್ಸೋದು. ತಾಳ ಹೋಗಿ ಐದಾರು ವರ್ಷ ಆಯ್ತು. ಅದಕ್ಕೇ ನಿಂಗೆ ಕೊಟ್ಟಿದ್ದು."

ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಗುಬುಟು ಒಂಚೂರು ಏರಿಸೋಕೆ ಕೈ ಹಾಕಿದೆ. "ಬೇಡ, ಇಷ್ಟೇ ಇರ್ಲಿ" ಅಂದು ಮಾವ ಮತ್ತೆ ಕುರ್ಚಿಗೆ ಬಂದು ಕೂತ್ರು. ಕ್ಯಾಸೆಟ್ಟಿನ ಎರಡನೇ ಬದಿಯನ್ನೂ ಕೇಳಿಯೇ ಮಲಗಿದ್ವಿ.